ಗುರುಸಿದ್ದಪ್ಪನವರ ತಂಗುದಾಣ

ನಮ್ಮೂರಿನಲ್ಲಿ ಯಾವ ವಸ್ತುವಿನ ಮೇಲೆ ಯಾರ ಹೆಸರು ಬರೆದರೂ ಸಂಜೆ ಐದಕ್ಕೆ ಸರಿಯಾಗಿ ಆ ವಸ್ತು ಆ ಹೆಸರಿನವರ ಮನೆಗೆ ಹೊರಟುಬಿಡುತ್ತದೆ. ಹಾಗಾಗಿ ನಮ್ಮಲ್ಲಿ ಮದುವೆಯೂಟಗಳೆಲ್ಲ ನಾಲ್ಕೂವರೆಗೆ ಮುಗಿಯುತ್ತವೆ. ಎರವಲು ತಂದ ಕೊಳಗ, ಹರಿವಾಣ, ಸೌಟುಗಳು ಐದಕ್ಕೆ ಎದ್ದು ಸಾಲಾಗಿ ಬೀದಿಗಿಳಿದ ಮೇಲೆ ಬಡಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ಅಂಚೆಯವರು ಚೀಲದ ಬಾಯಿ ಬಿಚ್ಚಿ ಕಟ್ಟೆಯ ಮೇಲಿಟ್ಟು ಕಾಫಿ ಕುಡಿಯಲು ಹೋಗುತ್ತಾರೆ. ಶಾಲೆಯ ಮಕ್ಕಳು ಪುಸ್ತಕದ ರಟ್ಟಿನ ಮೇಲೆ ಹೆಸರಿನ ಬದಲು ಮೀನು, ಛತ್ರಿ, ಬದನೆಕಾಯಿ ಬರೆದುಕೊಳ್ಳುತ್ತಾರೆ. ನಾನು ಹೊಲಿಗೆಯವಳು. ಅಂಗಡಿ ಹಾಕಿದ ಮೊದಲ ತಿಂಗಳು ಯೋಚಿಸದೆ ರವಿಕೆ ಬಟ್ಟೆಗಳ ಅಂಚಿನಲ್ಲಿ ಗಿರಾಕಿಗಳ ಹೆಸರು ಬರೆದಿಟ್ಟೆ; ಒಂದೊಂದೇ ತೋಳಿದ್ದ ಹದಿನಾಲ್ಕು ರವಿಕೆಗಳು ನನ್ನ ಕಣ್ಣೆದುರೇ ಹೊಸ್ತಿಲು ದಾಟಿ ಹೋದವು. ಆಮೇಲಿಂದ ಬಣ್ಣದ ದಾರದ ಗುರುತಿಡುತ್ತೇನೆ. ಚುನಾವಣೆಯ ವಿಷಯ ಇಲ್ಲಿ ಬೇಡ.

ನನ್ನ ಹೆಸರು ವನಜಾಕ್ಷಿ, ಊರಿನವರಿಗೆ ಟೈಲರ್ ವನಜಕ್ಕ. ಊರಿನ ಸೇವಾ ಸಂಗಮಕ್ಕೆ ಒಂಬತ್ತು ವರ್ಷಗಳಿಂದ ಕಾರ್ಯದರ್ಶಿ. ಅಧ್ಯಕ್ಷರು ವರ್ಷಕ್ಕೊಬ್ಬರು ಬರುತ್ತಾರೆ, ಹೋಗುತ್ತಾರೆ. ಕಾರ್ಯದರ್ಶಿ ಮಾತ್ರ ಬದಲಾಗುವುದಿಲ್ಲ, ಏಕೆಂದರೆ ಬರೆಯುವ ಕೆಲಸ ಯಾರಿಗೂ ಬೇಡ. ಪ್ರತಿ ಗುರುವಾರ ಸಂಜೆ ಆರಕ್ಕೆ ವಾಚನಾಲಯದ ಮಹಡಿಯಲ್ಲಿ ಸಭೆ ಸೇರುತ್ತೇವೆ. ಪ್ರಾರ್ಥನೆ, ಹಿಂದಿನ ಸಭೆಯ ವರದಿ, ಚರ್ಚೆ, ತಿಂಡಿ, ಕೊನೆಗೆ ವಂದನಾರ್ಪಣೆ. ವಂದನಾರ್ಪಣೆಯೇ ಎಲ್ಲಕ್ಕಿಂತ ಉದ್ದ. ಒಮ್ಮೆ ಅದು ಎಷ್ಟು ಹೊತ್ತು ನಡೆಯಿತೆಂದರೆ, ವಂದನೆ ಸ್ವೀಕರಿಸಬೇಕಾದ ಅತಿಥಿಗಳು ಎದ್ದುಹೋಗಿ ಊಟ ಮುಗಿಸಿ ವಾಪಸ್ಸು ಬಂದು ಕುಳಿತರು.

ನಾವು ಮಾಡದ ಸೇವೆಯಿಲ್ಲ. ರಕ್ತದಾನ ಮಾಡಿದ್ದೇವೆ, ಚರಂಡಿ ಎತ್ತಿದ್ದೇವೆ, ಕಣ್ಣಿನ ತಪಾಸಣೆಯನ್ನಂತೂ ವರ್ಷಕ್ಕೆರಡು ಸಲ ಮಾಡಿದ್ದೇವೆ. ಒಂದೇ ತೊಂದರೆಯೆಂದರೆ ಹೆಸರು ಹಾಕುವಂತಿಲ್ಲ. ಬೇರೆ ಊರುಗಳಲ್ಲಿ ಒಂದು ಕಲ್ಲುಬೆಂಚು ಕೊಟ್ಟವರು ಅದರ ಬೆನ್ನ ಮೇಲೆ ಅಜ್ಜ, ಮುತ್ತಜ್ಜನವರೆಗೆ ಬರೆಸುತ್ತಾರಂತೆ. ನಮ್ಮೂರಿನಲ್ಲಿ ಹಾಗೆ ಬರೆಸಿದ ಬೆಂಚು ಸಂಜೆಗೆ ಕೊಟ್ಟವರ ಜಗಲಿಯಲ್ಲೇ ಇರುತ್ತದೆ. ಒಂದು ವರ್ಷ ಹೊರಗಿನಿಂದ ಬಂದ ದೊಡ್ಡ ಅಧಿಕಾರಿಯೊಬ್ಬರ ಕೈಯಿಂದ ಹೊಂಗೆಯ ಸಸಿ ನೆಡಿಸಿದೆವು; ಗೊತ್ತಿಲ್ಲದ ಯಾರೋ ಅದಕ್ಕೆ ಅವರ ಹೆಸರಿನ ಫಲಕ ಕಟ್ಟಿಬಿಟ್ಟರು. ಸಸಿ ಐದು ಗಂಟೆಗೆ ಬೇರು ಕಿತ್ತುಕೊಂಡು ಹೊರಟು ರಾಜಧಾನಿಯ ಬಸ್ಸು ಹತ್ತಿತು. ಕಂಡಕ್ಟರ್ ಅರ್ಧ ಟಿಕೆಟ್ ಹರಿದನಂತೆ. ಹೀಗಾಗಿ ದಾನಿಗಳು ನಮ್ಮ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದರು.

ಅಂಥ ಕಾಲದಲ್ಲಿ ಹೊನ್ನೂರಮ್ಮ ಸಭೆಗೆ ಬಂದಳು. ಸುಂಕದ ಗೇಟಿನಾಚೆ ಇರುವವಳು, ಐವತ್ತರ ಹೆಂಗಸು. ಎರಡೂ ಮೂತ್ರಪಿಂಡ ಕೈಕೊಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆಂದು ಜಿಲ್ಲಾ ಆಸ್ಪತ್ರೆಗೆ ಹೋಗಿಬರುತ್ತಿದ್ದಳು. ಹೋಗುವ ಬಸ್ಸು ಹನ್ನೊಂದಕ್ಕೆ ಗೇಟಿನ ಹತ್ತಿರ ಬರಬೇಕು, ಆದರೆ ದಿನವೂ ಬರುವುದು ಹನ್ನೆರಡಕ್ಕೆ. ಅಲ್ಲಿ ಒಂದು ಜಾಲಿಗಿಡವೂ ಇಲ್ಲ.

“ನನ್ ಕಣ್ಣು ಚೆನ್ನಾಗವೆ,” ಎಂದಳು ಹೊನ್ನೂರಮ್ಮ, ಬಾಗಿಲಲ್ಲೇ ನಿಂತು. “ನೀವೇ ನಾಲ್ಕು ಸಲ ನೋಡಿ ಹೇಳಿದ್ದೀರಿ. ನಂಗೆ ಬೇಕಾಗಿರೋದು ನೆರಳು. ಕುಂತ್ಕೊಳ್ಳೋಕೆ ಒಂದಿಷ್ಟು ಜಾಗ, ತಲೆ ಮೇಲೆ ಒಂದು ತಗಡು. ಅದನ್ನ ಕೊಡೋಕಾಗ್ತದಾ, ಇಲ್ಲ ಇನ್ನೊಂದ್ಸಲ ಕಣ್ಣು ನೋಡ್ತೀರಾ?”

ಎಲ್ಲರೂ ತಮ್ಮ ತಮ್ಮ ಬಿಸ್ಕತ್ತು ನೋಡಿಕೊಂಡರು. ಆಗ ಎದ್ದು ನಿಂತವನು ಆ ವರ್ಷದ ಅಧ್ಯಕ್ಷ ರುದ್ರಮುನಿ. ಹಂಚಿನ ಕಾರ್ಖಾನೆಯವನು, ಅಪ್ಪ ತೀರಿಕೊಂಡ ಮೇಲೆ ಸಂಗಮಕ್ಕೆ ಸೇರಿದವನು, ನಲವತ್ತೈದರ ಆಸುಪಾಸು, ಮಾತಿಗಿಂತ ಮೊದಲು ಗಂಟಲು ಸರಿಮಾಡಿಕೊಳ್ಳುವ ಮನುಷ್ಯ. “ತಂಗುದಾಣ ನಾನು ಕಟ್ಟಿಸಿಕೊಡ್ತೀನಿ,” ಎಂದ. “ನಮ್ಮಪ್ಪನ ಹೆಸರಲ್ಲಿ. ಅವರು ಹೋಗಿ ನಾಲ್ಕು ವರ್ಷ ಆಯ್ತು. ಇಪ್ಪತ್ತೆರಡು ವರ್ಷ ಈ ಸಂಗಮದ ಸದಸ್ಯರಾಗಿದ್ರು. ಮಳೆ ಇರಲಿ, ಜ್ವರ ಇರಲಿ, ಗುರುವಾರ ಐದೂವರೆಗೆ ಕೋಟು ಹಾಕ್ಕೊಂಡು ಮನೆ ಬಿಟ್ರೆ ಎಂಟೂವರೆಗೇ ವಾಪಸ್ಸು. ನನ್ನ ಮದುವೆ ಮಾತುಕತೆ ಗುರುವಾರ ಬಂತು ಅಂತ ಅದನ್ನೂ ಬಿಟ್ಟು ಸಭೆಗೆ ಬಂದವರು.”

ನಾನು ತಲೆ ತಗ್ಗಿಸಿ ಬರೆಯತೊಡಗಿದೆ. ನಮ್ಮ ಹಾಜರಿ ಪುಸ್ತಕದಲ್ಲಿ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಗುರುಸಿದ್ದಪ್ಪನವರದು ಹದಿನೇಳು. ಅವರು ತೀರಿಕೊಳ್ಳುವವರೆಗಿನ ನನ್ನ ಕಾಲದ ಐದು ವರ್ಷಗಳನ್ನು ನಾನೇ ಬರೆದಿದ್ದೇನೆ, ಹಳೆಯವನ್ನೂ ತಿರುವಿದ್ದೇನೆ. ಹದಿನೇಳರ ಮುಂದೆ ಉದ್ದಕ್ಕೂ ಒಂದೇ ಪದ: ಗೈರು. ಅವರು ಸಭೆಗೆ ಬಂದದ್ದು ಸದಸ್ಯರಾದ ದಿನ ಒಂದು ಸಲ ಮಾತ್ರ. ಇದನ್ನು ಮಗನಿಗೆ ಹೇಳಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಆದರೆ ಅಪ್ಪನ ಕೋಟಿನ ವಿಷಯ ಹೇಳುವಾಗ ಅವನ ಮುಖ ಹೇಗಾಗುತ್ತಿತ್ತೆಂದರೆ, ನನಗಾಗಲಿ ಹಳೆಯ ಸದಸ್ಯರಿಗಾಗಲಿ ಬಾಯಿ ಬರಲಿಲ್ಲ.

“ಹೆಸರು ಬರೆಸ್ಲೇಬೇಕಾ ಅಧ್ಯಕ್ಷರೇ?” ಎಂದೆ.

“ಬರೆಸದೆ ಕಟ್ಟಿಸಿದ್ರೆ ಅದು ಬರೀ ತಗಡು ವನಜಕ್ಕ.”

ಚರ್ಚೆ ಮೂರು ಗುರುವಾರ ನಡೆಯಿತು. ಸತ್ತವರಿಗೆ ಈ ನಿಯಮ ಉಂಟೋ ಇಲ್ಲವೋ? ಸಮಾಧಿಯ ಕಲ್ಲುಗಳ ಮೇಲೆ ಹೆಸರಿದೆ, ಅವು ಎಲ್ಲಿಗೂ ಹೋಗಿಲ್ಲ ಎಂದರು ಒಬ್ಬರು. ಅವು ಹೋಗಬೇಕಾದಲ್ಲೇ ಇವೆಯಲ್ಲ ಎಂದರು ಇನ್ನೊಬ್ಬರು. ಹಾಗಾದರೆ ತಂಗುದಾಣ ರುದ್ರಭೂಮಿಗೆ ಹೋದರೆ? ಹೋದರೆ ಹೋಗಲಿ, ಅಲ್ಲೂ ಕೂರಲು ಜಾಗವಿಲ್ಲ, ಜನಕ್ಕೆ ಅನುಕೂಲವೇ ಎಂದು ನಿವೃತ್ತ ಹೆಡ್‌ಮಾಸ್ತರರು ಅಭಿಪ್ರಾಯಪಟ್ಟರು. ರುದ್ರಮುನಿ ಮಾತ್ರ, ನಡೆದರೆ ಅದು ತಮ್ಮ ಮನೆಗೇ ಬರುವುದೆಂದೂ, ಬಂದರೆ ಬೆಳಿಗ್ಗೆ ತಾನೇ ಟ್ರ್ಯಾಕ್ಟರಿನಲ್ಲಿ ಗೇಟಿಗೆ ಮುಟ್ಟಿಸುವುದಾಗಿಯೂ ಮಾತು ಕೊಟ್ಟ. ಪರವಾಗಿ ಒಂಬತ್ತು ಕೈ ಮೇಲೆದ್ದವು, ವಿರುದ್ಧವಾಗಿ ನಾಲ್ಕು. ಠರಾವು ಪಾಸಾಯಿತು.

ತಂಗುದಾಣ ಚೆನ್ನಾಗಿ ಬಂತು. ನಾಲ್ಕು ಕಬ್ಬಿಣದ ಕಾಲು, ಹಸಿರು ಬಣ್ಣದ ತಗಡು, ಕಾಲುಗಳಿಗೇ ಬೆಸೆದ ಉದ್ದನೆಯ ಬೆಂಚು. ಹಣೆಯ ಮೇಲೆ ಕೆಂಪಕ್ಷರದಲ್ಲಿ ‘ದಿವಂಗತ ಶ್ರೀ ಗುರುಸಿದ್ದಪ್ಪನವರ ಸ್ಮರಣಾರ್ಥ’. ಭಾನುವಾರ ಬೆಳಿಗ್ಗೆ ಉದ್ಘಾಟನೆ. ರುದ್ರಮುನಿಯ ತಾಯಿ ಗೌರಮ್ಮನವರು ಟೇಪು ಕತ್ತರಿಸಿದರು. ಎಪ್ಪತ್ತೆರಡರ ಆ ಮುದುಕಮ್ಮ ಹೆಚ್ಚು ಮಾತಿನವರಲ್ಲ; ಕತ್ತರಿ ನನ್ನ ಕೈಗೆ ಕೊಟ್ಟು ಅಕ್ಷರಗಳನ್ನು ಒಂದು ಸಲ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊನ್ನೂರಮ್ಮನನ್ನು ಮೊದಲ ಪ್ರಯಾಣಿಕಳೆಂದು ಕೂರಿಸಿ ಹಾರ ಹಾಕಿದೆವು. ಭಾನುವಾರ ಬಸ್ಸಿರಲಿಲ್ಲ. ಆದರೂ ಅವಳು ಮೂರು ಗಂಟೆಯ ತನಕ ಕುಳಿತಿದ್ದಳು, ಕುಳಿತುಕೊಳ್ಳುವುದು ಚೆನ್ನಾಗಿದೆ ಎಂದಳು.

ಐದಕ್ಕೆ ಊರಿಗೆ ಊರೇ ಗೇಟಿನ ಹತ್ತಿರ ಸೇರಿತ್ತು. ತಂಗುದಾಣ ಮೊದಲು ಒಂದು ಕಾಲೆತ್ತಿ ಮಣ್ಣು ಕೊಡವಿಕೊಂಡಿತು. ಆಮೇಲೆ ಇನ್ನೊಂದು. ನೊಗ ಬಿಚ್ಚಿದ ಎತ್ತಿನ ಹಾಗೆ ಒಂದು ಸಲ ಮೈಮುರಿದು, ತಗಡು ಗಲಗಲ ಅನ್ನಿಸಿಕೊಂಡು ರಸ್ತೆಗಿಳಿಯಿತು. ನಾವೆಲ್ಲ ಹಿಂದೆ. ಪೊಲೀಸಿನವರು ಎದುರಿನಿಂದ ಬರುವ ಗಾಡಿಗಳನ್ನು ಪಕ್ಕಕ್ಕೆ ನಿಲ್ಲಿಸಿದರು. ನಾಲ್ಕು ರಸ್ತೆ ಕೂಡುವಲ್ಲಿ ಎಲ್ಲರೂ ಉಸಿರು ಹಿಡಿದೆವು. ಬಲಕ್ಕೆ ತಿರುಗಿದರೆ ರುದ್ರಭೂಮಿ, ಎಡಕ್ಕೆ ತಿರುಗಿದರೆ ರುದ್ರಮುನಿಯ ಮನೆ. ತಂಗುದಾಣ ಅತ್ತಲೂ ನೋಡಲಿಲ್ಲ, ಇತ್ತಲೂ ನೋಡಲಿಲ್ಲ. ನೇರವಾಗಿ ನಡೆದು, ಹುರಿಗಡಲೆ ಓಣಿಯ ಮುಂದೆ ನಿಂತು, ತಗಡಿನ ಎರಡು ಅಂಚನ್ನೂ ರೆಕ್ಕೆಯಂತೆ ಮಡಚಿಕೊಂಡು, ಒಳಗೆ ನುಸುಳಿತು. ಎಷ್ಟೋ ವರ್ಷ ಓಡಾಡಿ ಅಭ್ಯಾಸವಾದವರಂತೆ ಅದು ಅಲ್ಲಿನ ಮುರುಕು ಚಪ್ಪಡಿಯನ್ನೂ ದಾಟಿ ಕಾಲಿಟ್ಟಿತು. ಆರನೆಯ ಮನೆಯ ಮುಂದೆ ನಿಂತು, ಕಾಲು ಊರಿ, ಸುಮ್ಮನಾಯಿತು.

ಅದು ಜೈತುನ್‌ಬಿಯ ಮನೆ. ಕುರುಕಲು ತಿಂಡಿ ಮಾಡಿ ಅಂಗಡಿಗಳಿಗೆ ಹಾಕುವವರು, ಅರವತ್ತೈದು ದಾಟಿದವರು, ಗಂಡ ಮೆಹಬೂಬ್‌ಸಾಬರು ತೀರಿಕೊಂಡು ಎಂಟು ವರ್ಷ. ಒಲೆಯ ಹೊಗೆಯ ನಡುವಿನಿಂದ ಹೊರಗೆ ಬಂದು, ಹಸಿರು ತಗಡು, ಅದರ ಮೇಲಿನ ಕೆಂಪು ಹೆಸರು, ಅದರ ಹಿಂದೆ ಇಡೀ ಊರು ನೋಡಿ, ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ಏನಿದು?” ಎಂದ ರುದ್ರಮುನಿ. ಗಂಟಲು ಸರಿಮಾಡಿಕೊಳ್ಳಲಿಲ್ಲ. “ನಮ್ಮಪ್ಪನ ಹೆಸರು ನಿಮ್ಮನೆಗ್ಯಾಕೆ ಬಂತು?”

ಊರು ಸಂಜೆಯ ಕಾಫಿಯನ್ನೂ ಮರೆತು ಕಿವಿಯಾಗಿ ನಿಂತಿತ್ತು. ಎಲ್ಲರ ತಲೆಯಲ್ಲೂ ಒಂದೇ ಊಹೆ. ಜೈತುನ್‌ಬಿ ಒಳಗೆ ಹೋಗಿ ಒಂದು ಹಿತ್ತಾಳೆಯ ಚಕ್ಕುಲಿ ಒರಳು ತಂದು ಜಗಲಿಯ ಮೇಲಿಟ್ಟರು. ಹಿಡಿ ಸವೆದು ನುಣುಪಾಗಿತ್ತು.

“ಇದಕ್ಕೆ ಬಂದದ್ದು,” ಎಂದರು. “ಸಾವ್ಕಾರ್ರು ಪ್ರತಿ ಗುರುವಾರ ಬಂದು ಚಕ್ಕುಲಿ ಒತ್ತುತಿದ್ರು. ಬೇರೆ ಏನಿಲ್ಲ. ನಿಮ್ ಸಭೆಗೆ ತಿಂಡಿ ಹೇಳೋಕೆ ಅಂತ ಒಂದಿನ ಬಂದಿದ್ರು. ಅವತ್ತು ನನ್ ಕೈಗೆ ಎಣ್ಣೆ ಬಿದ್ದು ಬೊಬ್ಬೆ ಎದ್ದಿತ್ತು. ಹಿಟ್ಟು ಕಲಸಿಟ್ಟಾಗಿತ್ತು. ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ನಾನು ಒತ್ತಲಾ ಅಂದ್ರು. ಸುತ್ತು ಒಂದೂ ಮುರೀಲಿಲ್ಲ. ಮುಂದಿನ ವಾರ ಈ ಒರಳು ಹಿಡ್ಕೊಂಡು ಬಂದ್ರು. ನಮ್ ಯಜಮಾನ್ರು ಒಲೆ ಊದೋರು, ಇವರು ಒತ್ತೋರು. ಮಾತೂ ಕಮ್ಮಿ.”

“ಯಾಕೆ ಹೇಳ್ಲಿಲ್ಲ?”

“ಹೇಳಬ್ಯಾಡ ಅಂತ ಮಾತು ತಗೊಂಡಿದ್ರು. ಹೇಳಿದ್ರೆ ಹೊಗಳ್ತಾರೆ, ಹೊಗಳಿದ್ರೆ ಹದ ಕೆಡ್ತದೆ ಅಂತಿದ್ರು.”

ನನಗೆ ಆಗ ಹೊಳೆಯಿತು. ನಾವು ಇಪ್ಪತ್ತೆರಡು ವರ್ಷ ಸಭೆಯಲ್ಲಿ ತಿಂದದ್ದು ಆ ಚಕ್ಕುಲಿ. ಚರ್ಚೆ ಎಷ್ಟೇ ಬಿಸಿಯಾದರೂ ಚಕ್ಕುಲಿಯ ಬುಟ್ಟಿ ಬಂದರೆ ಎಲ್ಲರೂ ತಣ್ಣಗಾಗುತ್ತಿದ್ದರು. ನಾಲ್ಕು ವರ್ಷದಿಂದ ಚಕ್ಕುಲಿ ಯಾಕೋ ಮೊದಲಿನಂತಿಲ್ಲವೆಂದು ಗೊಣಗಿ ಬಿಸ್ಕತ್ತಿಗೆ ಬದಲಾಯಿಸಿಕೊಂಡವರೂ ನಾವೇ. ರುದ್ರಮುನಿ ನನ್ನ ಕಡೆ ತಿರುಗಿ, “ವನಜಕ್ಕ, ಅಪ್ಪ ಸಭೆಗೆ ಬರ್ತಿದ್ರು ತಾನೆ?” ಎಂದ. ಇನ್ನು ಮುಚ್ಚಿಡುವಂತಿರಲಿಲ್ಲ. “ಇಲ್ಲಪ್ಪ,” ಎಂದೆ. ಅವನು ಸೇರಿದ ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಅವನು ಟ್ರ್ಯಾಕ್ಟರು, ಹಗ್ಗ, ಎಂಟು ಜನ ಆಳುಗಳನ್ನು ತಂದ. ತಂಗುದಾಣ ತಾನಾಗಿ ಬರುವಾಗ ರೆಕ್ಕೆ ಮಡಚಿಕೊಂಡಿತ್ತು, ಎಳೆಯುವಾಗ ಮಡಚಲಿಲ್ಲ. ಎದುರುಮನೆಯ ಗೋಡೆಯ ಮೂಲೆ ಕಿತ್ತುಬಂತು. ಸೂರ್ಯ ನೆತ್ತಿಯಿಂದ ಇಳಿದ ಮೇಲೆ ಅದನ್ನು ಗೇಟಿಗೆ ಮುಟ್ಟಿಸಿದರು. ಐದಕ್ಕೆ ಅದು ಮತ್ತೆ ಎದ್ದು ಮೈಕೊಡವಿ ಹೊರಟಿತು. ಟ್ರ್ಯಾಕ್ಟರಿನವನು ಅದರ ಜೊತೆಗೇ ಸ್ವಲ್ಪ ದೂರ ಗಾಡಿ ಓಡಿಸಿ, “ಇನ್ನು ನನ್ನ ಕರೀಬೇಡಿ ಯಜಮಾನ್ರೇ,” ಎಂದು ತನ್ನ ಮನೆ ಕಡೆ ತಿರುಗಿಸಿದ.

ಆ ಮಂಗಳವಾರ ಹೊನ್ನೂರಮ್ಮ ಗೇಟಿನ ಬಿಸಿಲಿನಲ್ಲಿ ಒಂದು ಗಂಟೆ ನಿಂತು ಕುಸಿದು ಬಿದ್ದಳು. ಹಣೆ ಒಡೆಯಿತು. ಬಸ್ಸಿನವರೇ ಎತ್ತಿ ಒಳಗೆ ಮಲಗಿಸಿ ಆಸ್ಪತ್ರೆಗೆ ಕೊಂಡೊಯ್ದರು. ಸಂಜೆ ತಲೆಗೆ ಪಟ್ಟಿ ಕಟ್ಟಿಕೊಂಡು ನನ್ನ ಅಂಗಡಿಗೇ ಬಂದಳು. “ವನಜಕ್ಕ, ನಂಗೆ ಹಾರ ಹಾಕಿದ್ರಲ್ಲ, ಅದನ್ನ ವಾಪಸ್ ತಗೊಂಡು ನೆರಳು ಕೊಡಿ,” ಎಂದಳು. ನಗುತ್ತಲೇ ಅಂದಳು. ಆದರೆ ಕೂತ ಕುರ್ಚಿಯಿಂದ ಏಳಲು ಅವಳಿಗೆ ನನ್ನ ಕೈ ಬೇಕಾಯಿತು.

ನಾನು ಬುಧವಾರವೇ ತುರ್ತು ಸಭೆ ಕರೆದೆ. ವಾಚನಾಲಯದಲ್ಲಲ್ಲ, ಓಣಿಯಲ್ಲಿ, ತಂಗುದಾಣದೊಳಗೇ. ಬೆಂಚಿನ ಮೇಲೆ ಆರು ಜನ, ಉಳಿದವರು ಎದುರುಮನೆಯ ಒಡೆದ ಗೋಡೆಗೆ ಒರಗಿ ನಿಂತರು. ಇದ್ದದ್ದು ಒಂದೇ ವಿಷಯ: ಹೆಸರು ಕೆರೆದುಹಾಕುವುದು. ಹೆಸರು ಹೋದರೆ ತಂಗುದಾಣ ಎಲ್ಲಿಟ್ಟರೆ ಅಲ್ಲಿರುತ್ತದೆ. ರುದ್ರಮುನಿ ಕೆರೆಯುವ ಉಳಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದ. ಅವನು ಬೆಂಚು ಹತ್ತಿ ನಿಂತಾಗ ಓಣಿಯ ಬಾಯಲ್ಲಿ ಗೌರಮ್ಮ ಕಾಣಿಸಿದರು. ಮನೆಯಿಂದ ಅಷ್ಟು ದೂರ ಒಬ್ಬರೇ ನಡೆದುಬಂದಿದ್ದರು.

“ಇಳಿಯೋ ಕೆಳಗೆ,” ಎಂದರು.

“ಅವ್ವಾ, ಹೊನ್ನೂರಮ್ಮ ಬಿಸಿಲಿಗೆ ಬಿದ್ದಿದ್ದಾಳೆ. ಊರೋರು ನಗ್ತಿದ್ದಾರೆ.”

“ಐವತ್ತು ವರ್ಷ ಸಂಸಾರ ಮಾಡ್ದೆ. ಆ ಮನುಷ್ಯ ಗುರುವಾರ ಎಲ್ಲಿಗೆ ಹೋಗ್ತಿದ್ರು ಅಂತ ನಂಗೆ ಈಗ ಗೊತ್ತಾಗಿದೆ. ಗೊತ್ತಾದ ಮೂರೇ ದಿನಕ್ಕೆ ಅಳಿಸ್ತೀಯಾ?”

ರುದ್ರಮುನಿ ಇಳಿದ. ಗೌರಮ್ಮ ಜಗಲಿಯ ಮೇಲೆ ಜೈತುನ್‌ಬಿಯ ಪಕ್ಕ ಕುಳಿತರು. ಜೈತುನ್‌ಬಿ ಒಳಗಿಂದ ಒರಳು ತಂದು ಇಬ್ಬರ ನಡುವೆ ಇಟ್ಟರು. ಸಭೆಗೆ ಸಭೆಯೇ ಕಾದಿತ್ತು; ನಿವೃತ್ತ ಹೆಡ್‌ಮಾಸ್ತರರು ಕೂಡ ಅಭಿಪ್ರಾಯಪಡಲಿಲ್ಲ.

“ನಮ್ಮನೇಲಿ ಒಂದು ಲೋಟ ನೀರು ತಾವಾಗಿ ತಗೊಂಡು ಕುಡಿದವರಲ್ಲ,” ಎಂದರು ಗೌರಮ್ಮ ಕೊನೆಗೆ. “ಅಡುಗೆಮನೆ ಹೊಸ್ತಿಲು ತುಳಿದವರಲ್ಲ. ನೋಡವ್ವ, ಇನ್ನೊಂದು ಸಂಸಾರ ಇಟ್ಟಿದ್ರೆ ನಂಗೆ ಅರ್ಥ ಆಗ್ತಿತ್ತು. ಬೈಕೊಂಡು ಸುಮ್ಮನಾಗ್ತಿದ್ದೆ. ಚಕ್ಕುಲಿ ಅಂದ್ರೆ ಏನಂತ ಬೈಲಿ?”

“ನೀವು ಬೇಡ ಅಂತಿದ್ರೇನೋ ಅಂತ ಅಂಜಿಕೆ ಅವರಿಗೆ,” ಎಂದರು ಜೈತುನ್‌ಬಿ.

“ಬೇಡ ಅಂತಿದ್ದೆ,” ಎಂದರು ಗೌರಮ್ಮ. “ಅಂತಿದ್ದೆ. ಗಂಡಸಿಗ್ಯಾಕೆ ಇದೆಲ್ಲ ಅಂತಿದ್ದೆ.” ಒರಳನ್ನು ತೊಡೆಯ ಮೇಲಿಟ್ಟುಕೊಂಡು ಹಿಡಿಯ ಸವೆತದ ಮೇಲೆ ಬೆರಳಾಡಿಸಿದರು. ಆಮೇಲೆ ತಲೆಯೆತ್ತಿ, ಬೆಲೆ ವಿಚಾರಿಸುವವರಂತೆ ಕೇಳಿದರು: “ಅವರು ಬರ್ತಿದ್ದಿದ್ದು ಈ ಮನೆಗಾ, ಈ ಒರಳಿಗಾ?”

ಜೈತುನ್‌ಬಿ ಯೋಚಿಸಿದರು. “ಒರಳಿಗೇ ಇರಬೇಕು. ನಾನು ಏನ್ ಕೊಟ್ಟಿದ್ದೆ? ಒಂದು ಚಾ.”

“ಹಂಗಾದ್ರೆ ಒರಳು ಗೇಟಿಗೆ ಹೋಗ್ಲಿ. ನಿನ್ನ ಒಲೇನೂ ಬರ್ಲಿ. ನೀನೂ ಬಾ.”

ಸಭೆಯಲ್ಲಿ ಗದ್ದಲವೆದ್ದಿತು. ನಿಯಮದಲ್ಲಿ ಮನೆ ಎಂದಿದೆಯೇ ಹೊರತು ಒರಳು ಎಂದಿಲ್ಲ ಎಂದರು ಕೆಲವರು. ನಿಯಮ ಎಲ್ಲಿ ಬರೆದಿದೆ ತೋರಿಸಿ ಎಂದರು ಇನ್ನು ಕೆಲವರು. ಯಾರಿಗೂ ತೋರಿಸಲಾಗಲಿಲ್ಲ. ನಾನು ಮತಕ್ಕೆ ಹಾಕಿದೆ. ಜೈತುನ್‌ಬಿಗೆ ಗೇಟಿನ ಹತ್ತಿರ ತಿಂಡಿಯ ಅಂಗಡಿ ಹಾಕಲು ಸಂಗಮ ಜಾಗ ಸಮಮಾಡಿಕೊಡಬೇಕೆಂದು ಠರಾವಾಯಿತು. ವಂದನಾರ್ಪಣೆಗೆ ಎದ್ದವರನ್ನು ಗೌರಮ್ಮ ಒಂದು ಸಲ ನೋಡಿದರು, ಅವರು ಕುಳಿತರು.

ಗುರುವಾರ ಬೆಳಿಗ್ಗೆ ನಾವೇ ಗುದ್ದಲಿ, ಬುಟ್ಟಿ ಹಿಡಿದು ಹೋದೆವು. ತಂಗುದಾಣದ ಹಳೆಯ ಗುಂಡಿಗಳನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಮಣ್ಣು ಸಮಮಾಡಿ, ಒಲೆ ಹೂಡಿ, ಮೇಲಕ್ಕೆ ಒಂದು ಛತ್ರಿ ಕಟ್ಟಿದೆವು. ರುದ್ರಮುನಿ ಅಂಗಿ ಬಿಚ್ಚಿ ಇಪ್ಪತ್ತು ಬುಟ್ಟಿ ಮಣ್ಣು ಹೊತ್ತ. ನನ್ನ ಜೊತೆ ಮಾತ್ರ ಮಾತಾಡಲಿಲ್ಲ. ಹೊನ್ನೂರಮ್ಮ ಆ ಛತ್ರಿಯಡಿಯಿಂದಲೇ ಹನ್ನೆರಡರ ಬಸ್ಸು ಹತ್ತಿದಳು. ನಾಲ್ಕಕ್ಕೆ ಜೈತುನ್‌ಬಿ ಹಿಟ್ಟು ಕಲಸಿದರು. ಒರಳನ್ನು ಗೌರಮ್ಮ ಯಾರಿಗೂ ಕೊಡಲಿಲ್ಲ. ಮೊದಲ ಸುತ್ತು ಮುರಿಯಿತು. ಎರಡನೆಯದು ಹಾವಿನ ಹಾಗೆ ಬಂತು. ಮೂರನೆಯದಕ್ಕೆ ಜೈತುನ್‌ಬಿ ಅವರ ಮುಂಗೈ ಹಿಡಿದು ತಿರುಗಿಸಿದರು.

ಐದಾಯಿತು. ತಂಗುದಾಣ ಬರಲಿಲ್ಲ. ಐದೂ ಹತ್ತಾಯಿತು. ಓಣಿಯ ಕಡೆಗೆ ಯಾರನ್ನಾದರೂ ಕಳಿಸೋಣವೆಂದು ಒಬ್ಬರು ಪಿಸುಗುಟ್ಟಿದರು. ರುದ್ರಮುನಿ ರಸ್ತೆಯ ನಡುವೆ ನಿಂತು ಆ ಕಡೆಯೇ ನೋಡುತ್ತಿದ್ದ. ಬೆನ್ನು ನೋಡಿದರೆ ಹತ್ತು ವರ್ಷದ ಹುಡುಗನ ಹಾಗಿದ್ದ. ಆಮೇಲೆ, ನನ್ನ ಕಡೆ ತಿರುಗದೆಯೇ, “ವನಜಕ್ಕ, ಬರ್ತಾರಾ?” ಎಂದ. ಬರುತ್ತದಾ ಎನ್ನಲಿಲ್ಲ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿದೆ. ಈ ಸಲ ಅವನು ತಲೆಯಾಡಿಸಿದ.

ಆಸ್ಪತ್ರೆಯ ಬಸ್ಸು ಬಂದು ನಿಂತು ಹೊನ್ನೂರಮ್ಮ ಕಂಬಿ ಹಿಡಿದು ಇಳಿಯುವ ಹೊತ್ತಿಗೆ ದೂರದಲ್ಲಿ ತಗಡು ಗಲಗಲ ಅಂದದ್ದು ಕೇಳಿಸಿತು. ಹಸಿರು ಮಾಡು ನಾಲ್ಕು ರಸ್ತೆಯ ತಿರುವಿನಲ್ಲಿ ಕಾಣಿಸಿಕೊಂಡಿತು. ಅವಸರವಿಲ್ಲ. ಬಸ್ಸಿನ ಪಕ್ಕದಿಂದ ಬಂದು, ಜನರ ನಡುವೆ ಹುಷಾರಾಗಿ ಕಾಲಿಡುತ್ತ, ಒಲೆಯ ಹತ್ತಿರಕ್ಕೆ ನಡೆದು, ತನ್ನ ಹಳೆಯ ಗುಂಡಿಗಳನ್ನು ಒಂದೊಂದಾಗಿ ಹುಡುಕಿ ಕಾಲೂರಿತು. ಮಡಚಿದ್ದ ರೆಕ್ಕೆಗಳನ್ನು ಬಿಚ್ಚಿತು. ಅದರ ನೆರಳು ಮೊದಲು ಬಿದ್ದದ್ದು ಗೌರಮ್ಮನವರ ಬೆನ್ನ ಮೇಲೆ.

ಅವರು ಹಿಂದಿರುಗಿ ನೋಡಲಿಲ್ಲ. ಬಾಣಲೆಯ ಮೇಲೆ ಒರಳು ಹಿಡಿದೇ ಹೇಳಿದರು: “ಬಂದ್ರಾ? ಎಷ್ಟು ಹೊತ್ತು ಮಾಡಿದ್ರಿ. ಹಿಟ್ಟು ಬಿಗೀತಾ ಇದೆ.”

ಹೊನ್ನೂರಮ್ಮ ನಿಧಾನವಾಗಿ ಹೋಗಿ ಬೆಂಚಿನ ಮೇಲೆ ಕುಳಿತು, ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟುಕೊಂಡು, ಬಸ್ಸು ಹೊರಡುವ ಮೊದಲೇ ನಿದ್ದೆ ಹೋದಳು.